ಸಹಿ ನಡುಗುವ ಮುನ್ನ: ಹಿರಿಯರೂ ಮಕ್ಕಳೂ ಕೂತು ಮುಗಿಸಬೇಕಾದ ಕಾಗದದ ಕೆಲಸ

ನಮ್ಮ ತಂದೆಯವರ ಚೆಕ್ಕು ಒಂದೇ ತಿಂಗಳಲ್ಲಿ ಎರಡು ಸಲ ತಿರುಗಿ ಬಂತು. ಎರಡು ಸಲವೂ ಒಂದೇ ಕಾರಣ: ಸಹಿ ಹೊಂದುತ್ತಿಲ್ಲ. ಮೂರನೆಯ ಸಲ ಅವರನ್ನೇ ಬ್ಯಾಂಕಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗ ಇಪ್ಪತ್ತಾರು ವರ್ಷ ಹಿಂದಿನ ಮಾದರಿ ಸಹಿಯನ್ನು ಪರದೆಯ ಮೇಲೆ ತೆರೆದು ನಮ್ಮ ಕಡೆಗೆ ತಿರುಗಿಸಿದ. ಅಲ್ಲಿದ್ದ ‘ಯ’ ಒಂದೇ ಎಳೆತದಲ್ಲಿ ಸುತ್ತಿ ಬಂದಿತ್ತು. ಚೆಕ್ಕಿನ ಮೇಲಿನ ‘ಯ’ ನಾಲ್ಕು ಕಡೆ ಮುರಿದಿತ್ತು. “ನಾನೇ ಬಂದು ನಿಂತಿದ್ದೇನಲ್ಲಪ್ಪಾ” ಎಂದರು ತಂದೆ. “ನೀವು ನೀವೇ ಯಜಮಾನರೇ, ಸಹಿ ಮಾತ್ರ ನಿಮ್ಮದಲ್ಲ” ಎಂದ ಅವನು. ಮರ್ಯಾದೆಯಿಂದಲೇ ಹೇಳಿದ, ನಿಯಮದ ಪ್ರಕಾರ ಸರಿಯಾಗಿಯೇ ಹೇಳಿದ.

ಅಲ್ಲಿಯ ತನಕ ನಮ್ಮ ಮನೆಯಲ್ಲಿ ‘ಆಸ್ತಿ ವಿಚಾರ’ ಎಂದರೆ ಉಯಿಲು ಎಂದಷ್ಟೇ ಅರ್ಥವಿತ್ತು. ಉಯಿಲು ಬರೆಯುವುದನ್ನು ಎಲ್ಲರೂ ನಾಳೆಗೆ ಮುಂದೂಡುತ್ತಿದ್ದೆವು. ಆದರೆ ಉಯಿಲು ಬಾಯಿ ಬಿಡುವುದು ಬರೆದವರು ತೀರಿಕೊಂಡ ಮೇಲೆ. ಕೈ ನಡುಗುವುದು, ಕಣ್ಣು ಮಂಜಾಗುವುದು, ನೆನಪು ತಪ್ಪುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಉಯಿಲು ಮೊದಲು ಬರುವುದಿಲ್ಲ. ಸಹಿಗೆ ಬೆಲೆ ಇರುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲಿ ಹೇಳುತ್ತೇನೆ. ಕಾನೂನು ಭಾರತದ್ದು, ಕಚೇರಿಗಳು ಕರ್ನಾಟಕದವು.

ಮೊದಲು ಒಂದು ನೋಟ್‌ಬುಕ್

ವಕೀಲರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ ಇದು. ಪುಟಕ್ಕೆ ಐದು ಕಾಲಂ ಎಳೆಯಿರಿ: ಏನು, ಯಾರ ಹೆಸರಿನಲ್ಲಿದೆ, ಮೂಲ ಕಾಗದ ಎಲ್ಲಿದೆ, ನಾಮಿನಿ ಯಾರು, ಅದರ ಮೇಲೆ ಸಾಲವಿದೆಯೇ. ಮನೆ, ನಿವೇಶನ, ಜಮೀನು, ಬ್ಯಾಂಕ್ ಖಾತೆ, ಠೇವಣಿ, ಅಂಚೆ ಕಚೇರಿ ಉಳಿತಾಯ, ವಿಮೆ, ಭವಿಷ್ಯ ನಿಧಿ, ಷೇರು, ಮ್ಯೂಚುವಲ್ ಫಂಡ್, ಲಾಕರ್, ಒಡವೆ, ವಾಹನ ಎಲ್ಲವೂ ಬರಲಿ. ಕೊಟ್ಟ ಕೈಸಾಲ, ತಂದ ಕೈಸಾಲ, ಯಾರಿಗಾದರೂ ಹಾಕಿದ ಜಾಮೀನು ಸಹಿ ಇವನ್ನೂ ಬರೆಯಿರಿ. ಮಕ್ಕಳಿಗೆ ಗೊತ್ತಿಲ್ಲದೆ ಹಾಕಿದ ಜಾಮೀನು ಸಹಿಯೇ ಎಷ್ಟೋ ಮನೆಗಳಲ್ಲಿ ಕೊನೆಗೆ ಹೊರಬರುವ ಕಹಿ ಸುದ್ದಿ.

ಐದರಲ್ಲಿ ಬೆವರಿಳಿಸುವುದು ಎರಡನೆಯ ಕಾಲಂ. ‘ನಮ್ಮ ಜಮೀನು’ ಎಂದು ಐವತ್ತು ವರ್ಷದಿಂದ ಉಳುತ್ತಿರುವ ಭೂಮಿಯ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಹಾಗಿದ್ದರೆ ಮೊದಲು ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಬೇಕು. ನಿಮ್ಮ ತಲೆಮಾರು ಇದನ್ನು ಮುಗಿಸದಿದ್ದರೆ ಮಕ್ಕಳ ಕಾಲಕ್ಕೆ ವಂಶವೃಕ್ಷದ ಕೊಂಬೆಗಳು ನಾಲ್ಕಿದ್ದದ್ದು ಇಪ್ಪತ್ತಾಗಿ, ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ. ಇನ್ನೊಂದು ಮಾತು: ಪಹಣಿ, ಖಾತೆ, ಇ-ಖಾತಾ ಇವು ಕಂದಾಯದ ದಾಖಲೆಗಳು, ಮಾಲೀಕತ್ವವನ್ನು ಹೇಳುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರದಂಥ ಮೂಲ ಪತ್ರಗಳು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ, ಆಸ್ತಿಯ ಮೇಲಿನ ವ್ಯವಹಾರ ಮತ್ತು ಸಾಲ ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆದು, ನಿಮ್ಮ ಪತ್ರದಲ್ಲಿರುವ ಚಕ್ಕುಬಂದಿಯೊಂದಿಗೆ (ನಾಲ್ಕು ದಿಕ್ಕಿನ ಗಡಿಯ ವಿವರ) ತಾಳೆ ನೋಡಿ. ಎಂದೋ ತೀರಿಸಿದ ಸಾಲದ ಅಡಮಾನ ಅಲ್ಲಿ ಹಾಗೆಯೇ ನಿಂತಿರುವುದು ಅಪರೂಪವಲ್ಲ.

ಹೆಸರಿನ ತಾಳೆಯೂ ಈಗಲೇ ಆಗಲಿ. ನಮ್ಮ ಅಮ್ಮನ ಹೆಸರಿನ ಕೊನೆಗೆ ಕ್ರಯಪತ್ರದಲ್ಲಿ ‘ಅಮ್ಮ’ ಇತ್ತು, ಪಡಿತರ ಚೀಟಿಯಲ್ಲಿ ‘ಬಾಯಿ’ ಇತ್ತು, ತಂದೆಯ ಪಿಂಚಣಿ ಆದೇಶದಲ್ಲಿ ಎರಡೂ ಇಲ್ಲದೆ ತವರಿನ ಇನಿಷಿಯಲ್ ಮಾತ್ರ ಇತ್ತು. ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ತಂದೆ ಬದುಕಿರುವಾಗ ಒಂದು ಅರ್ಜಿ ಸಾಕಾಯಿತು. ಕುಟುಂಬ ಪಿಂಚಣಿಯ ಹೊತ್ತಿನಲ್ಲಿ ಅದೇ ಕೆಲಸ ಮಾಡಬೇಕಾಗಿ ಬಂದಿದ್ದರೆ ಅಮ್ಮ ಒಬ್ಬರೇ ಕಚೇರಿಯ ಬೆಂಚಿನ ಮೇಲೆ ಕೂರಬೇಕಿತ್ತು.

ಮರೆತ ಖಾತೆಗಳಿರಬಹುದು. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹಾಗೆಂದು ಕಳೆದುಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ತೆರೆದ ‘ಉದ್ಗಮ್’ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ, ಆಯಾ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು.

ಕೊಡಲು ಅದು ನಿಮ್ಮದೇ?

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ‘ಸ್ವ’ ಅಥವಾ ‘ಪಿ’ ಎಂದು ಬರೆಯಿರಿ: ಸ್ವಯಾರ್ಜಿತ, ಪಿತ್ರಾರ್ಜಿತ. ಸ್ವಯಾರ್ಜಿತವನ್ನು ನೀವು ಯಾರಿಗೆ ಬೇಕಾದರೂ ಕೊಡಬಹುದು; ಮಕ್ಕಳಿಗೆ ಕೊಡಲೇಬೇಕೆಂಬ ಕಾನೂನು ಹಿಂದೂಗಳಿಗಿಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಉಯಿಲಿನ ಮೂಲಕ ಕೊಡಬಹುದಾದದ್ದು ನಿಮ್ಮ ಪಾಲನ್ನು ಮಾತ್ರ. ಇಡೀ ತೋಟವನ್ನು ಹಿರಿಯ ಮಗನಿಗೆ ಬರೆದಿಟ್ಟ ಉಯಿಲು ನಿಮ್ಮ ಪಾಲಿನಷ್ಟೇ ದೂರ ಓಡುತ್ತದೆ.

ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬ ನಂಬಿಕೆ ಗಟ್ಟಿಯಾಗಿದೆ, ತಪ್ಪೂ ಹೌದು. ತಂದೆಯ ಸ್ವಂತ ಸಂಪಾದನೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೆ ಬಂದರೆ ಅದು ಆ ಮಗನ ಸ್ವಂತ ಆಸ್ತಿ; 1986ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಇದನ್ನು ತೀರ್ಮಾನಿಸಲು ಹಳೆಯ ಪತ್ರಗಳನ್ನು ಓದಬೇಕು. ಇಲ್ಲಿ ವಕೀಲರಿಗೆ ಕೊಡುವ ಹಣ ದಂಡವಲ್ಲ.

ಹೆಣ್ಣುಮಕ್ಕಳ ಮಾತು. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆ ಮಾಡಿ ಕೊಟ್ಟಾಯಿತು, ಇನ್ನೇನು ಪಾಲು ಎಂಬ ಮಾತು ಮನೆಯ ಜಗಲಿಯಲ್ಲಿ ನಡೆಯಬಹುದು, ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಮಗಳು ಮನಸಾರೆ ಬೇಡವೆಂದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು.

ನಾಮಿನಿ ಎಂದರೆ ವಾರಸುದಾರನಲ್ಲ

ಹಣವನ್ನು ಬ್ಯಾಂಕಿನಿಂದ ಹೊರಗೆ ತರುವ ಕೈ ನಾಮಿನಿ, ಅಷ್ಟೇ. ತಂದ ಹಣ ಸೇರಬೇಕಾದದ್ದು ಉಯಿಲಿನಲ್ಲಿ ಹೆಸರಿರುವವರಿಗೆ; ಉಯಿಲಿಲ್ಲದಿದ್ದರೆ ವಾರಸುದಾರರಿಗೆ. ವಿಮೆಯ ವಿಷಯದಲ್ಲಿ 1984ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಜೀವವಿಮೆಗೆ ಮಾತ್ರ 2015ರ ತಿದ್ದುಪಡಿ ಒಂದು ತಿರುವು ತಂದಿತು: ತಂದೆ ತಾಯಿ, ಸಂಗಾತಿ ಅಥವಾ ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸೇರಬೇಕೆಂಬ ಸಾಲು ಅಲ್ಲಿದೆ. ಆ ಸಾಲಿನ ಅರ್ಥದ ಬಗ್ಗೆಯೂ ಕೋರ್ಟುಗಳಲ್ಲಿ ವಾದ ನಡೆದಿದೆ. ನನ್ನ ಸಲಹೆ ಸರಳ: ಹಣ ಯಾರಿಗೆ ಹೋಗಬೇಕೋ ಅವರನ್ನೇ ನಾಮಿನಿ ಮಾಡಿ, ಉಯಿಲಿನಲ್ಲೂ ಅವರ ಹೆಸರನ್ನೇ ಬರೆಯಿರಿ. ಎರಡು ಕಾಗದ ಎರಡು ಮಾತಾಡದಿದ್ದರೆ ಜಗಳಕ್ಕೆ ಬಾಗಿಲಿಲ್ಲ.

ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಠೇವಣಿಯಲ್ಲಿ ಇಂತಿಷ್ಟು ಶೇಕಡಾ ಎಂದು ಹಂಚಬಹುದು, ಇಲ್ಲವೇ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಎಂದು ಸಾಲು ಕಟ್ಟಬಹುದು. ಲಾಕರಿಗೆ ಈ ಎರಡನೆಯ ದಾರಿ ಮಾತ್ರ. ಹಳೆಯ ಖಾತೆಗಳ ನಾಮಿನಿ ಹೆಸರನ್ನು ಒಮ್ಮೆ ಮುದ್ರಿಸಿ ಕೊಡಲು ಕೇಳಿ. ತೀರಿಹೋದ ಅಜ್ಜಿ ಅಲ್ಲಿ ಇನ್ನೂ ನಾಮಿನಿಯಾಗಿ ಜೀವಂತವಾಗಿರುತ್ತಾರೆ. ನೌಕರರ ಭವಿಷ್ಯ ನಿಧಿಯಲ್ಲಿ ಮದುವೆಗೆ ಮೊದಲು ಕೊಟ್ಟ ನಾಮನಿರ್ದೇಶನ ಮದುವೆಯಾದ ಮೇಲೆ ನಡೆಯುವುದಿಲ್ಲ. ಇದು ಹಿರಿಯರಿಗಿಂತ ಮಕ್ಕಳು ನೋಡಿಕೊಳ್ಳಬೇಕಾದದ್ದು.

ಬದುಕಿರುವಾಗಲೇ ಕೈ ಸೋತರೆ

ನಮ್ಮ ಕಾನೂನು ಅತ್ಯಂತ ತೆಳುವಾಗಿರುವುದು ಇಲ್ಲಿ. ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ, ಎಲ್ಲರೂ ಜಿಪಿಎ ಎಂದು ಕರೆಯುವ ಅಧಿಕಾರಪತ್ರವನ್ನು ಮಗನಿಗೋ ಮಗಳಿಗೋ ಬರೆದುಕೊಟ್ಟರೆ ಸಾಕು ಎಂದುಕೊಂಡಿರುತ್ತೇವೆ. 1872ರ ಕರಾರು ಕಾಯ್ದೆಯ ಪ್ರಕಾರ ಕೊಟ್ಟವರು ತೀರಿಕೊಂಡರೆ ಅದು ಮುಗಿಯುತ್ತದೆ; ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೂ ಮುಗಿಯುತ್ತದೆ. ಮರೆವಿನ ಕಾಯಿಲೆ ಬಂದಾಗ ಬೇಕಾಗುತ್ತದೆಂದು ಮಾಡಿಸಿದ ಕಾಗದ, ಕಾಯಿಲೆ ಬಂದ ದಿನವೇ ಸತ್ತುಹೋಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಬುದ್ಧಿ ತಪ್ಪಿದ ಮೇಲೂ ಉಳಿಯುವ ಅಧಿಕಾರಪತ್ರ ಇದೆ, ನಮ್ಮಲ್ಲಿಲ್ಲ. ಕೋಮಾದಲ್ಲಿರುವವರ ಅಥವಾ ಮರೆವು ಮುಂದುವರಿದವರ ಮನೆಯನ್ನು ಮಾರಬೇಕೆಂದರೆ ಕುಟುಂಬದವರು ಹೈಕೋರ್ಟಿಗೆ ಹೋಗಿ ಪಾಲಕರನ್ನು ನೇಮಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಏನು ಮಾಡಬಹುದು? ದಿನದ ಖರ್ಚಿನ ಖಾತೆಯನ್ನು ಜಂಟಿ ಮಾಡಿ, ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ನಿರ್ವಹಣಾ ವಿಧಾನ ಹಾಕಿಸಿ. ಆಸ್ಪತ್ರೆಗೆಂದು ತೆಗೆದಿಟ್ಟ ಠೇವಣಿಯನ್ನೂ ಹಾಗೆಯೇ ಮಾಡಿ. ಎಲ್ಲ ಹಣವನ್ನೂ ಜಂಟಿ ಮಾಡಬೇಡಿ. ಜಂಟಿ ಹೆಸರಿನವರು ಅದನ್ನು ನಾಳೆಯೇ ತೆಗೆಯಬಹುದು. ಅಧಿಕಾರಪತ್ರವೂ ಇರಲಿ, ಆದರೆ ಬಾಡಿಗೆ ವಸೂಲಿ, ತೆರಿಗೆ, ಕಚೇರಿ ಓಡಾಟ ಎಂದು ಕೆಲಸ ಹೆಸರಿಸಿದ ಪತ್ರವಾಗಿರಲಿ. ‘ಮಾರುವ ಅಧಿಕಾರ’ ಎಂಬ ಪದ ಕಂಡರೆ ಎರಡು ಸಲ ಓದಿ. ಸಹಿ ಬದಲಾಗಿದ್ದರೆ ಬ್ಯಾಂಕಿನಲ್ಲಿ ಹೊಸ ಮಾದರಿ ಸಹಿ ಕೊಡಿ. ನಮ್ಮ ತಂದೆ ಆ ದಿನ ಮಾಡಿದ್ದು ಅದನ್ನೇ. ಸಹಿ ಮಾಡಲಾಗದಷ್ಟು ಅಶಕ್ತರಾದವರು ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಕೈಬೆರಳೂ ಸಾಧ್ಯವಿಲ್ಲದಿದ್ದರೆ ಕಾಲಿನ ಹೆಬ್ಬೆರಳ ಗುರುತೂ ನಡೆಯುತ್ತದೆ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಉಯಿಲು

ವಿಲ್ ಎನ್ನಿ, ಮರಣಶಾಸನ ಎನ್ನಿ, ಕಾನೂನು ಕೇಳುವುದು ಬಹಳ ಕಡಿಮೆ. ಸಾದಾ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಟರಿ ಬೇಡ, ಕನ್ನಡದಲ್ಲೇ ಬರೆಯಬಹುದು, ಕೈಬರಹವೂ ನಡೆಯುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳನ್ನು. ಬರೆದವರು ಸಹಿ ಹಾಕುವುದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದ ಕೇಳಿರಬೇಕು. ಸಾಕ್ಷಿಗಳು ಬರೆದವರ ಎದುರಿನಲ್ಲೇ ಸಹಿ ಹಾಕಬೇಕು. ಇಷ್ಟು ಸುಲಭವಾದ ಕಾಗದದ ಮೇಲೆ ಇಷ್ಟೊಂದು ದಾವೆಗಳು ಏಕೆ? ಬರೆದದ್ದರಲ್ಲಿ ತಪ್ಪಿರುವುದಕ್ಕಿಂತ ಬರೆದ ಸಂದರ್ಭದಲ್ಲಿ ಅನುಮಾನವಿರುವುದೇ ಹೆಚ್ಚು.

1958ರಲ್ಲಿ, ಮೈಸೂರಿನಿಂದ ಹೋದ ಮೇಲ್ಮನವಿಯೊಂದರಲ್ಲಿ, ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಇಂದಿಗೂ ನಡೆಯುತ್ತಿದೆ: ಉಯಿಲನ್ನು ಮುಂದಿಡುವವರೇ ಅನುಮಾನಗಳನ್ನು ನಿವಾರಿಸಬೇಕು. ಸಹಿ ನಡುಗಿದೆಯೇ? ಬರೆದವರಿಗೆ ಸ್ಪಷ್ಟ ಪ್ರಜ್ಞೆ ಇತ್ತೇ? ಹೆಚ್ಚು ಲಾಭ ಪಡೆದವರೇ ಓಡಾಡಿ ಉಯಿಲು ಬರೆಸಿದರೇ? ಈ ಪ್ರಶ್ನೆಗಳಿಗೆ ನೀವಿಲ್ಲದಾಗ ಉತ್ತರ ಸಿಗಬೇಕು. ಅದಕ್ಕೆ ಮಾಡಬೇಕಾದ್ದು ಇಷ್ಟು.

ಆಸ್ತಿ ಪಡೆಯುವ ಮಗ ಅಥವಾ ಮಗಳು ಅಂದು ಕೋಣೆಯಲ್ಲಿರುವುದು ಬೇಡ. ವಕೀಲರನ್ನೋ ಪತ್ರ ಬರಹಗಾರರನ್ನೋ ಹುಡುಕುವ ಕೆಲಸವೂ ಅವರದಾಗುವುದು ಬೇಡ. ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ. ನ್ಯಾಯಾಲಯದಲ್ಲಿ ಉಯಿಲನ್ನು ಸಾಬೀತುಪಡಿಸಲು ಬದುಕಿರುವ ಸಾಕ್ಷಿಯೊಬ್ಬರಾದರೂ ಬಂದು ನುಡಿಯಬೇಕು; ಎಂಬತ್ತರ ಗೆಳೆಯನ ಸಹಿ ಪ್ರೀತಿಗೆ ಸರಿ, ಪುರಾವೆಗೆ ಅಪಾಯ. ಸಾಕ್ಷಿಗೆ ಉಯಿಲಿನಲ್ಲಿ ಏನೂ ಬರಬಾರದು. ಎಪ್ಪತ್ತು ದಾಟಿದವರು ಅದೇ ದಿನದ ವೈದ್ಯರ ಪತ್ರವೊಂದನ್ನು ಇಟ್ಟುಕೊಳ್ಳಿ: ‘ಇವರಿಗೆ ತಿಳಿವಳಿಕೆ ಸ್ಪಷ್ಟವಾಗಿದೆ, ತಾವು ಮಾಡುತ್ತಿರುವುದು ಇವರಿಗೆ ಅರ್ಥವಾಗುತ್ತಿದೆ.’ ಆ ವೈದ್ಯರೇ ಸಾಕ್ಷಿಯಾಗಲು ಒಪ್ಪಿದರೆ ಇನ್ನೂ ಒಳ್ಳೆಯದು. ಪ್ರತಿ ಪುಟಕ್ಕೂ ಸಹಿ ಹಾಕಿ. ತಿದ್ದಿದ ಜಾಗವಿದ್ದರೆ ಅಲ್ಲಿ ನೀವೂ ಸಾಕ್ಷಿಗಳೂ ಸಹಿ ಹಾಕಬೇಕು, ಅದಕ್ಕಿಂತ ಹೊಸದಾಗಿ ಬರೆಯುವುದೇ ಮೇಲು. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಬೆಂಬಲವಾಗುತ್ತದೆ, ಸಾಕ್ಷಿಗಳ ಬದಲಿಗೆ ಆಗುವುದಿಲ್ಲ.

ಬರೆಯುವ ಭಾಷೆ ಹೇಗಿರಬೇಕು? ‘ನನ್ನ ಮನೆಯನ್ನು ಕಿರಿಯ ಮಗಳಿಗೆ’ ಎಂದರೆ ಸಾಲದು. ಹೀಗಿರಲಿ: ‘ಇಂಥ ದಿನಾಂಕದ ಇಂಥ ಸಂಖ್ಯೆಯ ನೋಂದಾಯಿತ ಕ್ರಯಪತ್ರದ ಮೂಲಕ ನಾನು ನನ್ನ ಸ್ವಂತ ಸಂಪಾದನೆಯಿಂದ ಕೊಂಡ, ಕೆಳಗಿನ ಷೆಡ್ಯೂಲಿನಲ್ಲಿ ಚಕ್ಕುಬಂದಿ ಹೇಳಿರುವ ಮನೆಯನ್ನು ನನ್ನ ಕಾಲಾನಂತರ ನನ್ನ ಕಿರಿಯ ಮಗಳು ಪೂರ್ಣ ಹಕ್ಕಿನಿಂದ ಹೊಂದತಕ್ಕದ್ದು. ಆಕೆ ನನಗಿಂತ ಮೊದಲೇ ತೀರಿಕೊಂಡಲ್ಲಿ ಆಕೆಯ ಮಕ್ಕಳು ಸಮಪಾಲಾಗಿ ಹೊಂದತಕ್ಕದ್ದು.’ ಎರಡನೆಯ ವಾಕ್ಯವನ್ನು ಮರೆಯುವವರೇ ಹೆಚ್ಚು. ಕೊನೆಯಲ್ಲಿ ‘ಮೇಲೆ ಹೇಳದ, ಇನ್ನು ಮುಂದೆ ನನಗೆ ಸೇರಬಹುದಾದ ಉಳಿದೆಲ್ಲ ಆಸ್ತಿಯೂ ಇಂಥವರಿಗೆ’ ಎಂಬ ಸಾಲು ಇರಲೇಬೇಕು. ಅದಿಲ್ಲದ ಉಯಿಲಿನಲ್ಲಿ ಆಮೇಲೆ ತೆರೆದ ಒಂದು ಠೇವಣಿ ಅನಾಥವಾಗಿ ಉಳಿಯುತ್ತದೆ. ಒಬ್ಬ ಮಗನಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ, ಬೈಗುಳವಿಲ್ಲದೆ ಬರೆಯಿರಿ: ‘ಅವನ ವಿದ್ಯಾಭ್ಯಾಸಕ್ಕೂ ಮನೆ ಕಟ್ಟಲೂ ಈಗಾಗಲೇ ಕೊಟ್ಟಿದ್ದೇನೆ.’ ಕಾರಣವಿಲ್ಲದೆ ಬಿಟ್ಟ ಹೆಸರೇ ಅನುಮಾನದ ಮೊದಲ ಎಳೆ. ಹಿಂದಿನ ಉಯಿಲುಗಳನ್ನೆಲ್ಲ ರದ್ದುಪಡಿಸಿದ್ದೇನೆ ಎಂದು ಬರೆಯಿರಿ, ದಿನಾಂಕ ಸ್ಪಷ್ಟವಿರಲಿ. ನಡೆಯುವುದು ಕೊನೆಯ ಉಯಿಲು.

ಹೆಂಡತಿಯ ವಿಷಯದಲ್ಲಿ ಗಂಡಸರು ಸಾಮಾನ್ಯವಾಗಿ ಬರೆಸುವ ಸಾಲೊಂದಿದೆ: ‘ಆಕೆಗೆ ಜೀವಿತಾವಧಿ ಹಕ್ಕು, ಆಮೇಲೆ ಮಗನಿಗೆ.’ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂನಿಂದಾಗಿ, ಆಕೆಯ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಇಂಥ ಸೀಮಿತ ಹಕ್ಕು ಪೂರ್ಣ ಮಾಲೀಕತ್ವವಾಗಿಬಿಡಬಹುದು. 1977ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ವಿಚಾರದಲ್ಲಿ ದಾವೆಗಳು ನಡೆಯುತ್ತಲೇ ಇವೆ. ನನ್ನನ್ನು ಕೇಳಿದರೆ, ನಲವತ್ತು ವರ್ಷ ಮನೆ ನಡೆಸಿದವರಿಗೆ ಮನೆಯನ್ನು ಪೂರ್ತಿ ಬರೆಯುವುದೇ ನೆಟ್ಟಗಿನ ಕೆಲಸ. ಆಕೆ ತಮ್ಮ ಉಯಿಲನ್ನು ತಾವು ಬರೆಯಲಿ.

ಹೆಂಗಸರು ಉಯಿಲು ಬರೆಯುವುದು ನಮ್ಮಲ್ಲಿ ಕಡಿಮೆ, ಬೇಕಾಗಿರುವುದು ಅವರಿಗೇ ಹೆಚ್ಚು. ಮಕ್ಕಳಿಲ್ಲದ ವಿಧವೆಯೊಬ್ಬರು ದುಡಿದು ಫ್ಲ್ಯಾಟ್ ಕೊಂಡಿದ್ದಾರೆ ಎನ್ನಿ. ಉಯಿಲಿಲ್ಲದೆ ತೀರಿಕೊಂಡರೆ 15ನೇ ಕಲಂನ ಪ್ರಕಾರ ಅದು ಗಂಡನ ವಾರಸುದಾರರಿಗೆ ಹೋಗುತ್ತದೆ. ಜೊತೆಗಿದ್ದು ನೋಡಿಕೊಂಡ ಸ್ವಂತ ತಾಯಿಯ ಸರದಿ ಬರುವುದು ಆಮೇಲೆ. ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದ್ದ ಪ್ರಕರಣದಲ್ಲೂ 2009ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಹಾಗೆಯೇ ಓದಿತು. ಎರಡು ಸಾಲಿನ ಉಯಿಲು ಇದ್ದಿದ್ದರೆ ಆ ಪ್ರಕರಣವೇ ಇರುತ್ತಿರಲಿಲ್ಲ.

ಬೇರೆ ಧರ್ಮದವರ ನಿಯಮ ಬೇರೆ. ಮುಸ್ಲಿಮರು ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡಲು ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರು ಮದುವೆಗೆ ಮೊದಲು ಬರೆದ ಉಯಿಲು ಮದುವೆಯೊಂದಿಗೆ ರದ್ದಾಗುತ್ತದೆ. ಅವರ ಉಯಿಲಿಗೆ ಫಲಾನುಭವಿ ಸಾಕ್ಷಿ ಹಾಕಿದರೆ ಆ ಸಾಕ್ಷಿಗೆ ಬರೆದದ್ದು ನಡೆಯುವುದಿಲ್ಲ.

ಅಂಗವಿಕಲ ಮಗುವಿದ್ದರೆ ನೇರವಾಗಿ ಅವರ ಹೆಸರಿಗೆ ಬರೆದು ಸುಮ್ಮನಾಗಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ದಾಟಿದ ಮೇಲೂ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇದೆ. ಹಣಕ್ಕೆ ಖಾಸಗಿ ಟ್ರಸ್ಟ್ ಒಂದು ದಾರಿ. ಇದಕ್ಕೆ ನುರಿತ ವಕೀಲರು ಬೇಕೇ ಬೇಕು.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ ಎನ್ನುತ್ತೇನೆ. ನೋಂದಾಯಿತ ಉಯಿಲನ್ನು ಪ್ರಶ್ನಿಸಲಾಗದು ಎಂದಲ್ಲ. ಮೂಲ ಕಳೆದರೂ ಪ್ರತಿ ಸಿಗುತ್ತದೆ, ಇಂಥ ದಿನ ಇವರು ಬಂದು ಒಪ್ಪಿಕೊಂಡರು ಎಂದು ಸರ್ಕಾರಿ ಪುಸ್ತಕ ಹೇಳುತ್ತದೆ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಗೆ ಕಾಲಮಿತಿಯೂ ಇಲ್ಲ. ಹಾಸಿಗೆ ಹಿಡಿದವರಿದ್ದರೆ ಕಾರಣ ತೋರಿಸಿ ಕೋರಿದಲ್ಲಿ ನೋಂದಣಾಧಿಕಾರಿ ಮನೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆ. ಒಳಗೇನಿದೆ ಎಂದು ಯಾರಿಗೂ ಕಾಣಬಾರದೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು.

ದಾನಪತ್ರ: ನನ್ನ ಹಟ

“ಹೇಗಿದ್ದರೂ ಮಗನಿಗೇ ಅಲ್ಲವೇ, ಈಗಲೇ ದಾನಪತ್ರ ಮಾಡಿಬಿಡಿ” ಎಂದು ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ದಾನಪತ್ರ ನೋಂದಾಯಿಸಿದ ಗಳಿಗೆಯಲ್ಲೇ ಮನೆ ನಿಮ್ಮದಲ್ಲ. ಮನಸ್ಸು ಬದಲಾಯಿತೆಂದು ಹಿಂತೆಗೆದುಕೊಳ್ಳಲಾಗದು. ಉಯಿಲನ್ನಾದರೆ ನಾಳೆ ಬೆಳಗ್ಗೆ ಹರಿದುಹಾಕಬಹುದು. ನೀವು ಮಲಗುವ ಮನೆ ಕೊನೆಯ ತನಕ ನಿಮ್ಮ ಹೆಸರಿನಲ್ಲೇ ಇರಲಿ. ಮಕ್ಕಳ ಮೇಲೆ ನಂಬಿಕೆ ಇಲ್ಲ ಎಂದಲ್ಲ. ಮಗನ ವ್ಯಾಪಾರ ಮುಳುಗಬಹುದು, ಮಗ ನಿಮಗಿಂತ ಮೊದಲೇ ಹೋಗಬಹುದು, ಆಗ ಮನೆ ಬ್ಯಾಂಕಿನದೋ ಇನ್ಯಾರದೋ ಆಗುತ್ತದೆ.

ಕೊಡಲೇಬೇಕಾದ ಸಂದರ್ಭವಿದ್ದರೆ ಎರಡು ಸಾಲು ಸೇರಿಸದೆ ಸಹಿ ಹಾಕಬೇಡಿ. ಒಂದು, ನೀವೂ ಸಂಗಾತಿಯೂ ಬದುಕಿರುವ ತನಕ ಅದೇ ಮನೆಯಲ್ಲಿ ವಾಸಿಸುವ ಹಕ್ಕು. ಇನ್ನೊಂದು: ‘ದಾನ ಪಡೆದವರು ದಾನಿಗೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಮೊದಲಾದ ಮೂಲ ಅಗತ್ಯಗಳನ್ನು ಒದಗಿಸತಕ್ಕದ್ದೆಂಬ ಷರತ್ತಿಗೆ ಒಳಪಟ್ಟು ಈ ದಾನ ಮಾಡಲಾಗಿದೆ.’ ತಂದೆ ತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ, ಈ ಷರತ್ತು ಮುರಿದರೆ ದಾನವನ್ನು ರದ್ದುಪಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಡುತ್ತದೆ. ಷರತ್ತೇ ಇಲ್ಲದ ಪತ್ರಕ್ಕೆ ಈ ಕಲಂ ಅನ್ವಯಿಸದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ, ತಾಯಿಯೊಬ್ಬರು ಮಗನಿಗೆ ಕೊಟ್ಟ ದಾನವನ್ನು ರದ್ದುಪಡಿಸಿತು. ಉದಾರತೆಯನ್ನು ನೆಚ್ಚಿಕೊಳ್ಳುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ. ನ್ಯಾಯಮಂಡಳಿ ಇರುವುದು ಉಪವಿಭಾಗಾಧಿಕಾರಿಯವರ ಕಚೇರಿಯಲ್ಲಿ; ಅರವತ್ತು ದಾಟಿದ ಯಾರೂ ಅರ್ಜಿ ಕೊಡಬಹುದು. ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಆಸ್ಪತ್ರೆಯ ಬಾಗಿಲಲ್ಲಿ ಬೇಕಾಗುವ ಕಾಗದ

ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ, ಮಾತು ನಿಂತಾಗ, ಉಸಿರಾಟದ ಯಂತ್ರ ಬೇಕೇ ಬೇಡವೇ ಎಂಬುದನ್ನು ಈಗಲೇ ಬರೆದಿಡಬಹುದು. ಲಿವಿಂಗ್ ವಿಲ್ ಎಂದು ಕರೆಯುವ ಈ ಮುಂಗಡ ವೈದ್ಯಕೀಯ ಸೂಚನೆಗೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟದ್ದು 2018ರ ಮಾರ್ಚ್ 9ರಂದು. ಮೊದಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿಯಲ್ಲಿ. ನಿಮ್ಮ ಪರವಾಗಿ ವೈದ್ಯರೊಂದಿಗೆ ಮಾತಾಡಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಿರಿ, ಒಬ್ಬರಿಗಿಂತ ಹೆಚ್ಚು ಇರಬಹುದು. ಕಾಗದವಿದ್ದ ಮಾತ್ರಕ್ಕೆ ಯಾರೂ ಯಂತ್ರ ಕಿತ್ತುಬಿಡುವುದಿಲ್ಲ: ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಂದರ ನಂತರ ಒಂದು ಒಪ್ಪಬೇಕು. ಇದರ ನಿಜವಾದ ಉಪಯೋಗ ಮಕ್ಕಳಿಗೆ. ತುರ್ತು ನಿಗಾ ಘಟಕದ ಹೊರಗೆ ಅಣ್ಣ ತಮ್ಮಂದಿರು ‘ನೀನು ಹೇಳು, ನೀನು ಹೇಳು’ ಎಂದು ಮುಖ ನೋಡಿಕೊಳ್ಳುವುದು ತಪ್ಪುತ್ತದೆ.

ಎಲ್ಲಿಡಬೇಕು, ಯಾರಿಗೆ ಹೇಳಬೇಕು

ಉಯಿಲನ್ನು ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ಲಾಕರ್ ತೆಗೆಯಲು ಉಯಿಲು ಬೇಕು, ಉಯಿಲು ಲಾಕರಿನಲ್ಲಿದೆ ಎಂಬ ಸ್ಥಿತಿ ತಮಾಷೆಯಲ್ಲ. ಒಂದೇ ಕಡತ, ಮೇಲೆ ದೊಡ್ಡಕ್ಷರದ ಹಣೆಪಟ್ಟಿ, ಅದು ಎಲ್ಲಿದೆ ಎಂದು ಇಬ್ಬರಿಗೆ ಗೊತ್ತಿರಲಿ. ಅವರಲ್ಲಿ ಒಬ್ಬರು ಬೇರೆ ಮನೆಯಲ್ಲಿರುವವರಾಗಿರಲಿ. ಮೊಬೈಲಿನ ಬೀಗ, ಇಮೇಲ್ ಪಾಸ್‌ವರ್ಡ್‌ಗಳನ್ನು ಉಯಿಲಿನಲ್ಲಿ ಬರೆಯಬೇಡಿ, ಬೇರೆ ಲಕೋಟೆಯಲ್ಲಿಡಿ; ಉಯಿಲು ಮುಂದೆ ಹತ್ತು ಮೇಜು ಸುತ್ತುವ ಕಾಗದ.

ಮಕ್ಕಳಿಗೆ ಪೂರ್ತಿ ಹಂಚಿಕೆಯನ್ನು ಹೇಳಬೇಕೇ? ಹೇಳಿದರೆ ಒಳ್ಳೆಯದು ಎಂಬುದು ನನ್ನ ಅನುಭವ. ನಮ್ಮ ತಂದೆ ಎಲ್ಲರನ್ನೂ ಕೂರಿಸಿ ಓದಿ ಹೇಳಿದರು. ಅಣ್ಣನಿಗೆ ಅಂದು ಮುಖ ಸಪ್ಪಗಾಯಿತು, ಒಂದು ವಾರ ಮಾತಾಡಲಿಲ್ಲ. ಆ ಒಂದು ವಾರವನ್ನು ತಂದೆಯೇ ಎದುರು ಕೂತು ನಿಭಾಯಿಸಿದರು. ಅವರಿಲ್ಲದಾಗ ಅದು ಹತ್ತು ವರ್ಷವಾಗುತ್ತಿತ್ತು. ಓದಿ ಹೇಳಲು ಮನಸ್ಸಿಲ್ಲದವರು ಉಯಿಲು ಇದೆ, ಇಂಥಲ್ಲಿದೆ ಎಂದಷ್ಟಾದರೂ ಹೇಳಿ. ಮೂರು ವರ್ಷಕ್ಕೊಮ್ಮೆ, ಅಥವಾ ಮನೆಯಲ್ಲಿ ಮದುವೆ, ವಿಚ್ಛೇದನ, ಸಾವು, ಆಸ್ತಿ ಮಾರಾಟ ಆದಾಗ, ಕಡತ ತೆಗೆದು ನೋಡಿ.

ಆಮೇಲೆ ಮಕ್ಕಳು ಮಾಡಬೇಕಾದದ್ದು

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹತ್ತು ಪ್ರತಿಯಾದರೂ ತೆಗೆದಿಡಿ. ತೀರಿಕೊಂಡವರ ಎಟಿಎಂ ಕಾರ್ಡ್ ಅಥವಾ ಮೊಬೈಲಿನಿಂದ ಹಣ ತೆಗೆಯಬೇಡಿ. ಖರ್ಚಿಗೇ ಆದರೂ ಅದು ತಪ್ಪು, ಒಡಹುಟ್ಟಿದವರ ನಡುವೆ ಮೊದಲ ಬಿರುಕು ಬೀಳುವುದೂ ಅಲ್ಲೇ. ಪಿಂಚಣಿ ಕಚೇರಿಗೆ ಕೂಡಲೇ ತಿಳಿಸಿ, ಹೆಚ್ಚುವರಿ ಬಂದ ಪಿಂಚಣಿಯನ್ನು ಮರಳಿ ಕಟ್ಟಬೇಕಾಗುತ್ತದೆ. ನಾಮಿನಿ ಇರುವ ಖಾತೆಯ ಹಣವನ್ನು, ಕಾಗದವೆಲ್ಲ ಕೊಟ್ಟ 15 ದಿನಗಳೊಳಗೆ ಬ್ಯಾಂಕ್ ಇತ್ಯರ್ಥ ಮಾಡಬೇಕು. ನಾಮಿನಿಯೂ ಉಯಿಲೂ ಇಲ್ಲದ ದೊಡ್ಡ ಮೊತ್ತಕ್ಕೆ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ತಿಂಗಳುಗಳು ಬೇಕು. ಪಿತ್ರಾರ್ಜಿತವಾಗಲಿ ಉಯಿಲಿನದಾಗಲಿ, ವಾರಸಿನಿಂದ ಬಂದ ಆಸ್ತಿಗೆ ತೆರಿಗೆ ಇಲ್ಲ. ತೀರಿಕೊಂಡವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಸುಂಕ 1985ರಲ್ಲೇ ಹೋಯಿತು. ಆದರೆ ತೀರಿಕೊಂಡವರ ಕೊನೆಯ ವರ್ಷದ ಆದಾಯ ತೆರಿಗೆ ವಿವರವನ್ನು ವಾರಸುದಾರರು ಸಲ್ಲಿಸಬೇಕು. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ, ಕಡ್ಡಾಯವಲ್ಲ. ಉಯಿಲು ಮತ್ತು ಮರಣ ಪ್ರಮಾಣಪತ್ರದ ಆಧಾರದಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಾಕಬಹುದು, ಯಾರಾದರೂ ತಕರಾರು ಎತ್ತಿದರೆ ಮಾತ್ರ ಸಿವಿಲ್ ನ್ಯಾಯಾಲಯ.

ಯಾವ ಕಚೇರಿಗೆ ಹೋದರೂ ಮೂಲ ಉಯಿಲನ್ನು ತೋರಿಸಿ, ಕೊಟ್ಟು ಬರಬೇಡಿ. ಇಟ್ಟುಕೊಳ್ಳಲೇಬೇಕು ಎಂದರೆ ಸ್ವೀಕೃತಿ ಪತ್ರ ಬರೆಸಿಕೊಳ್ಳಿ, ಅದರ ಮೇಲೆ ಮೊಹರೂ ದಿನಾಂಕವೂ ಇರಲಿ.